ಟೀಕಿ ಉಟ್ಟ ಹರಕು ಚಾಪೆ

ಕಹುಕು
ಹವಾಯಿ, ಆಗಸ್ಟ್ ೧೩, ಮಂಗಳವಾರ

ನನ್ನ ತಲೆಗೂದಲ ಮೇಲೆ ನನಗಿಂತ ಹೆಚ್ಚಿನ ಹಕ್ಕಿರುವ ಸೋದರತ್ತೆ ಕಲೊಲೈನೆಯವರಿಗೆ,

ನಿಮ್ಮ ತಮ್ಮನ ಮಗಳು ಲೆಸಿಯೆಲಿಯ ನಮಸ್ಕಾರಗಳು. ನಾವು ಕ್ಷೇಮ ಎಂದು ಬರೆಯುವುದು ರೂಢಿ. ಅಪ್ಪನನ್ನು ಮಣ್ಣು ಮಾಡಿ ಬಂದ ಮನೆಯಲ್ಲಿ ಎಷ್ಟು ಕ್ಷೇಮ ಇರಬಹುದೋ ಅಷ್ಟು ಇದೆ. ದುಃಖದ ದಿನಗಳು ಮುಗಿದ ಮೇಲೆ ನೀವು ಪದ್ಧತಿಯಂತೆ ಕತ್ತರಿಸಿದ ಕೂದಲು ಈಗ ಕುತ್ತಿಗೆಗೆ ಚುಚ್ಚುತ್ತದೆ. ಶಾಲೆಯ ಅಡುಗೆಮನೆಯಲ್ಲಿ ದಿನಾ ಜಡೆಯನ್ನು ಟೋಪಿಯೊಳಗೆ ತುರುಕುವ ಕೆಲಸ ತಪ್ಪಿತು, ಅಷ್ಟರ ಮಟ್ಟಿಗೆ ನಿಮ್ಮಿಂದ ಉಪಕಾರವಾಯಿತು ಎಂದುಕೊಂಡಿದ್ದೇನೆ.

ನಿನ್ನೆ ವಿಕಾ ಫೋನು ಮಾಡಿದ್ದಳು. ನಿಮ್ಮ ಮಗಳಲ್ಲವೇ, ಕುಶಲ ಕೇಳಿ ಕಾಲ ಕಳೆಯಲಿಲ್ಲ. "ಲೆಸಿ, ಮಾವನ ಉಳಿ, ಬಾಚಿ ಎಲ್ಲ ತಲುಪಿದ್ವಂತೆ. ಚಾಪೆಗಳೂ ಬಂದ್ವಂತೆ. ಆ ಟೀಕಿ ಬೊಂಬೆ ಒಂದು ಬಾಕಿ ಅಂತ ಅಮ್ಮ ಹೇಳ್ತಿದ್ದಾರೆ. ಶನಿವಾರ ವ್ಯಾನ್ ಕಳಿಸ್ತಾರೆ, ಬಟ್ಟೆ ಸುತ್ತಿ ಇಟ್ಟಿರು" ಎಂದಳು. ಆಯಿತು ಎಂದೆ. ನಿಮ್ಮ ಮನೆಯಿಂದ ಬಂದ ಮಾತಿಗೆ ಆಯಿತು ಎನ್ನುವುದನ್ನು ಬಿಟ್ಟು ಬೇರೇನನ್ನೂ ನನ್ನ ನಾಲಿಗೆ ಕಲಿತಿಲ್ಲ.

ವ್ಯಾನ್ ಕಳಿಸಬೇಡಿ. ಟೀಕಿ ನನ್ನ ಮನೆಯಲ್ಲಿಲ್ಲ.

ಯಾಕಿಲ್ಲ ಎಂಬುದನ್ನು ನಿಮ್ಮೆದುರು ಕೂತು ಹೇಳಲು ನನ್ನಿಂದಾಗದು. ನಿಮ್ಮ ಮುಂದೆ ನೆಲದ ಮೇಲೆ ಕೂರುವುದನ್ನು ಕಲಿಸಿದ ಅಪ್ಪ, ಅಲ್ಲಿಂದ ತಲೆಯೆತ್ತಿ ಮಾತಾಡುವುದನ್ನು ಕಲಿಸಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ವಿಕಾಳ ಕೈಯಲ್ಲಿ ಓದಿಸಬೇಡಿ, ನೀವೇ ಕನ್ನಡಕ ಹಾಕಿಕೊಂಡು ಓದಿ.

ಇದೆಲ್ಲ ಶುರುವಾದದ್ದು ಕಹುಕುವಿನ ನಮ್ಮ ಟೊಂಗಾದವರ ಚರ್ಚಿನ ಅಂಗಳದಲ್ಲಿ. ಒಂದು ಭಾನುವಾರ ಪ್ರಾರ್ಥನೆ ಮುಗಿದು ನಾವೆಲ್ಲ ಊಟಕ್ಕೆ ಎಲೆಕೋಸು, ಗೆಣಸು ಬಡಿಸುತ್ತಿದ್ದಾಗ ಕುಳ್ಳಗಿನ ಜಪಾನೀ ಹೆಂಗಸೊಬ್ಬರು ಬಂದು, "ಇಲ್ಲಿ ಮನಾಸೆ ಅಂತ ಬೊಂಬೆ ಕೆತ್ತೋರು ಯಾರಾದ್ರೂ ಇದ್ರಾ?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ಅವರ ಹೆಸರು ಹರುಯೆ ನಕಸೋನೆ, ವಹಿಯಾವಾದಲ್ಲಿ ಸೈಮಿನ್ ಎಂಬ ಶ್ಯಾವಿಗೆ ಸಾರಿನ ಸಣ್ಣ ಅಂಗಡಿ ನಡೆಸುತ್ತಾರೆ. ಜಪಾನೀ ಎಂದದ್ದಕ್ಕೆ ಆಮೇಲೆ ನನ್ನನ್ನು ಬೈದರು. ಅವರ ಅಜ್ಜ ಬಂದದ್ದು ಓಕಿನಾವಾದಿಂದಂತೆ.

"ನಮ್ಮೆಜಮಾನ್ರು ಒಂದು ಟೀಕಿ ತಂದು ಅಂಗಡಿ ಬಾಗಿಲಲ್ಲಿ ನಿಲ್ಲಿಸಿದ್ರು. ನನ್ನೆದೆ ಎತ್ತರ ಇದೆ. ದಿನಾ ಬೆಳಿಗ್ಗೆ ನಾನೇ ಒರೆಸೋದು. ಗಂಡನ ಮುಖಕ್ಕಿಂತ ಅದರ ಮುಖಾನೇ ಜಾಸ್ತಿ ಒರೆಸಿದ್ದೀನಿ" ಎಂದರು. "ಈಗ ಹೊನೊಲುಲುನಲ್ಲಿ ಹಳೇ ಟೀಕಿಗಳನ್ನೆಲ್ಲ ಇಟ್ಟು ತೋರಿಸ್ತಾರಂತೆ. ನಂದೂ ಕೇಳಿದ್ರು. ಕೆಳಗೆ ಮನಾಸೆ ಅಂತ ಹೆಸರು ಸುಟ್ಟಿದೆ. ಅಷ್ಟೇ ಗೊತ್ತಿರೋದು. ಮಾಡಿದೋನು ಎಂಥೋನು ಅಂತ ಗೊತ್ತಿಲ್ದೆ ಸಾಯೋದು ಸರಿಯಲ್ಲ ಕಣಮ್ಮ."

ನನಗೆ ಹೆಮ್ಮೆಯಾಯಿತು, ಅತ್ತೆ. ಇದನ್ನು ನೀವು ನಂಬಬೇಕು. ನಮ್ಮ ಮನಾಸೆ ಎಂದು ನಾನೇ ಉಬ್ಬಿ ಹೇಳಿದೆ. ನಿಮ್ಮ ಮಗ ಹೋಟೆಲಿನ ಈಜುಕೊಳದ ಪಕ್ಕ ಕೂತು, ನಗುನಗುತ್ತ ಟೀಕಿ ಕೆತ್ತುತ್ತಿದ್ದ ಕಥೆ ಹೇಳಿದೆ. ಪ್ರವಾಸಿ ಹೆಂಗಸರು ಅವನ ತೋಳು ಮುಟ್ಟಿ ನೋಡಿ ಹೋಗುತ್ತಿದ್ದರಂತೆ ಎಂದೆ. ಕಾಆವಾದ ತಿರುವಿನಲ್ಲಿ ಅವನ ಮೋಟಾರು ಸೈಕಲ್ಲು ಜಾರಿದ್ದು, ನಾನಿನ್ನೂ ಅವನ ಮುಖ ನೆನಪಿಡುವಷ್ಟು ದೊಡ್ಡವಳಾಗದೆ ಇದ್ದದ್ದು, ಎಲ್ಲ ಹೇಳಿದೆ. ಅವನು ಅರ್ಧ ಕೆತ್ತಿಟ್ಟು ಹೋದ ಟೀಕಿಗಳು ನಮ್ಮ ಹಿತ್ತಲ ಶೆಡ್ಡಿನ ತುಂಬ ಇದ್ದವು, ನಮ್ಮಪ್ಪ ಅವನ್ನು ಉಜ್ಜಿ ಎಣ್ಣೆ ಹಚ್ಚಿ ವೈಕೀಕಿಯ ಅಂಗಡಿಗೆ ಕೊಟ್ಟು ಬರುತ್ತಿದ್ದರು ಎಂದೆ. ನಮ್ಮ ಮನೆಯಲ್ಲಿ ನಡೆದುಕೊಂಡು ಬಂದ ಕಥೆ ಅದೇ ತಾನೇ.

ಆ ಅರ್ಧ ಕೆತ್ತಿದ ಟೀಕಿಗಳು ನಾನು ಹೈಸ್ಕೂಲು ಮುಗಿಸಿದರೂ ಮುಗಿಯಲಿಲ್ಲ. ಶೆಡ್ಡಿನ ಬಾಗಿಲು ಹಾಕಿಕೊಂಡು ಅಪ್ಪ ದಿನವೆಲ್ಲ ಒಳಗಿರುತ್ತಿದ್ದರು. ಉಜ್ಜುವುದಕ್ಕೆ ಕೊಡತಿಯ ಪೆಟ್ಟು ಯಾಕೆ ಬೇಕು ಎಂದು ಒಮ್ಮೆ ಅಮ್ಮನನ್ನು ಕೇಳಿದ್ದೆ. "ಮನಾಸೆ ತುಂಬ ಚುರುಕು ಕಣೇ, ಬೇಕಾದಷ್ಟು ಮಾಡಿಟ್ಟಿದ್ದ. ಹೋಗು, ಪಾತ್ರೆ ತೊಳಿ" ಎಂದಿದ್ದಳು. ಪಾತ್ರೆ ತೊಳೆದೆ.

ನಕಸೋನೆಯಮ್ಮನ ಅಂಗಡಿಗೆ ನಾನು ಹೋದದ್ದು ಮನಾಸೆಯ ಒಂದು ಫೋಟೋ ಕೊಡುವುದಕ್ಕೆ. ಅಂಗಡಿ ಬಾಗಿಲಲ್ಲಿದ್ದದ್ದು ಹವಾಯಿಯವರ ಯುದ್ಧದೇವರಾದ ಕೂ ದೇವರ ಟೀಕಿ, ಮಳೆಮರದ್ದು. ಅಗಲ ಬಾಯಿ, ಬಾಗಿದ ಮೊಣಕಾಲು, ಪ್ರವಾಸಿಗಳಿಗೆ ಬೇಕಾದ ಕೋಪವೆಲ್ಲ ಮುಖದಲ್ಲಿತ್ತು. ಸೊಂಟದ ಮುಂಭಾಗದಲ್ಲಿ ಮಾತ್ರ ಅರದಿಂದ ಒರಟಾಗಿ ಉಜ್ಜಿ ಏನನ್ನೋ ತೆಗೆದ ಗುರುತಿತ್ತು. ಗಿರಾಕಿಗಳು ಹೊಟ್ಟೆ ಸವರಿ ಸವರಿ ಸವೆದಿರಬೇಕು ಎಂದು ನಕಸೋನೆಯಮ್ಮ ತಿಳಿದಿದ್ದರು. ಗೋಡೆಗೆ ತಾಗಿಸಿಟ್ಟಿದ್ದ ಅದನ್ನು ಈಚೆ ಎಳೆದು, ಬೆನ್ನು ತೋರಿಸಿ, "ಇಲ್ಲಿ ಮೀನಿನ ಪೊರೆ ಥರ ಏನೋ ಇದೆ ನೋಡು, ಇದೊಂದು ನಂಗೆ ಯಾವತ್ತೂ ಅರ್ಥ ಆಗಿಲ್ಲ" ಎಂದರು.

ಮೀನಿನ ಪೊರೆಯಲ್ಲ. ಚಾಪೆ. ನಾವು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆ. ಎದೆಯ ಮಟ್ಟದಿಂದ ಹಿಮ್ಮಡಿಯವರೆಗೆ ಇಳಿದಿತ್ತು. ಒರಟು ಹೆಣಿಗೆ, ಅಂಚಿನಲ್ಲಿ ಎಳೆಗಳು ಕಿತ್ತು ಜೋಲುತ್ತಿದ್ದವು, ಒಂದು ಕಡೆ ತೂತು ಬಿದ್ದು ಅದನ್ನು ಹೊಲಿದ ಗುರುತು ಕೂಡ ಇತ್ತು. ಹವಾಯಿಯ ದೇವರಿಗೆ ಯಾರೋ ಟೊಂಗಾದ ಹರಕು ಚಾಪೆ ಉಡಿಸಿದ್ದರು. ಇಂಥ ತಪ್ಪನ್ನು ಹವಾಯಿಯವರು ಮಾಡುವುದಿಲ್ಲ. ನಮ್ಮವರೇ ಮಾಡಬೇಕು.

ಅದೇನು ಹೇಳಮ್ಮ ಎಂದು ನಕಸೋನೆಯಮ್ಮ ಬಿಡಲಿಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲವೆಂದಲ್ಲ, ನೀವು ಮರೆತವರ ಹಾಗೆ ಇದ್ದೀರಿ ಎಂದು. ನಮ್ಮಲ್ಲಿ ಯಾರಾದರೂ ಸತ್ತರೆ, ಸತ್ತವರಿಗಿಂತ ಮೇಲಿನವರು ನಯವಾದ, ಸಣ್ಣ ಚಾಪೆ ಸುತ್ತಿಕೊಂಡು ಬರುತ್ತಾರೆ. ಕೆಳಗಿನವರು ದೊಡ್ಡದಾದ, ಹರಿದ ಚಾಪೆಯಲ್ಲಿ ಮುಳುಗಿ ಬರುತ್ತಾರೆ. ಅಕ್ಕನ ಮಗ ಸೋದರಮಾವನಿಗಿಂತ ಯಾವಾಗಲೂ ಮೇಲೆ. ಹಾಗಾಗಿ ಅಕ್ಕನ ಮಗ ಸತ್ತರೆ ಎಲ್ಲರಿಗಿಂತ ದೊಡ್ಡ, ಎಲ್ಲರಿಗಿಂತ ಹರಕು ಚಾಪೆ ಸೋದರಮಾವನ ಪಾಲಿಗೆ.

"ಅಂದ್ರೆ ಇದನ್ನ ಕೆತ್ತಿದೋನ ಮನೇಲಿ ಆಗ ಸಾವಾಗಿತ್ತು" ಎಂದರು ಅವರು.

ನಾನು, ಇದನ್ನು ಕೊಂಡದ್ದು ಯಾವಾಗ ಎಂದು ಕೇಳಿದೆ. ಕ್ರಿಸ್‌ಮಸ್‌ಗೆ ಎಂದರು. ಆಗ ಅವರು ಎರಡನೇ ಮಗನ ಬಸುರಿ. "ಹಸಿ ಮರದ ವಾಸನೆ ಹೊಡೀತಿತ್ತು ಕಣಮ್ಮ. ಒಳಗೆ ಬಂದ್ರೆ ವಾಂತಿ, ಹೊರಗೆ ಹೋದ್ರೆ ವಾಂತಿ. ತಗೊಂಡ್ಹೋಗಿ ಬಿಸಾಕಿ ಅಂತ ಎಜಮಾನ್ರ ಹತ್ರ ಜಗಳ ಆಡಿದ್ದೆ." ಆ ಮಗ ಹುಟ್ಟಿದ ವರ್ಷ ಹೇಳಿದರು. ಮನಾಸೆಯ ಸಮಾಧಿಯ ಕಲ್ಲನ್ನು ವರ್ಷವರ್ಷವೂ ತೊಳೆಯುವವಳು ನಾನು, ಆ ಕಲ್ಲಿನ ಮೇಲಿನ ತಾರೀಕು ನನಗೆ ಬಾಯಿಪಾಠ. ಆ ಕ್ರಿಸ್‌ಮಸ್ ಬರುವ ಹೊತ್ತಿಗೆ ನಿಮ್ಮ ಮಗ ಮಣ್ಣು ಸೇರಿ ಹತ್ತು ತಿಂಗಳಾಗಿತ್ತು. ಮರವಿನ್ನೂ ಹಸಿಯಾಗಿತ್ತು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ನಕಸೋನೆಯಮ್ಮ ಬಿಸಿ ಸೈಮಿನ್ ತಂದಿಟ್ಟರು. ತಿನ್ನಲಾಗಲಿಲ್ಲ.

ಆದರೂ ನಾನು ಅನುಮಾನದ ಮೇಲೆ ಯಾರನ್ನೂ ದೂರುವವಳಲ್ಲ. ವೈಕೀಕಿಯ ಆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಅಲ್ಲಿ ಮಾರಾಟದ ಕೆಲಸಕ್ಕಿದ್ದ ಫ್ಲೋರೊ ಕಲೀಹಿಯಲ್ಲಿ ಮಗಳ ಮನೆಯಲ್ಲಿದ್ದಾನೆಂದು ಕೇಳಿ ಹುಡುಕಿಕೊಂಡು ಹೋದೆ. ನಿಮಗೆ ನೆನಪಿರಬೇಕು, ಮಾತು ಶುರು ಮಾಡಿದರೆ ನಿಲ್ಲಿಸದ ಫಿಲಿಪಿನೋ ಮನುಷ್ಯ. ಚಾಪೆಯ ಟೀಕಿ ಎಂದದ್ದೇ ತಡ, ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ಅಯ್ಯೋ, ಅದಕ್ಕೆ ಸಾಹುಕಾರ ಎಷ್ಟು ಕೂಗಾಡಿದ್ದ! ಕೂ ದೇವರಿಗೆ ಲಂಗ ಉಡಿಸಿದ್ದು ಯಾವನೋ, ಗಿರಾಕಿ ನೋಡಿದ್ರೆ ನಗಲ್ವೇನೋ, ಅಂತ. ಅರ ತಗೊಂಡು ಮುಂದಿಂದೆಲ್ಲ ನಾನೇ ಉಜ್ಜಿ ತೆಗೆದೆ. ಬೆನ್ನು ಗೋಡೆ ಕಡೆ ಇರುತ್ತಲ್ಲ, ಯಾರು ನೋಡ್ತಾರೆ ಅಂತ ಬಿಟ್ಬಿಟ್ಟೆ."

ತಂದುಕೊಟ್ಟವರು ಯಾರು ಎಂದೆ.

"ಹೆಸರು ನಂಗೊತ್ತಿಲ್ಲ. ದಪ್ಪ ಮೀಸೆ ಮನುಷ್ಯ, ಕೈ ತುಂಬ ಉಳಿ ತಾಗಿದ ಗಾಯ, ಬಾಯಿ ಬಿಡ್ತಿರಲಿಲ್ಲ. ನಿಮ್ಮತ್ತೆ ದುಡ್ಡು ತಗೊಳ್ಳೋಕೆ ಬಂದು ಅಂಗಡಿ ಒಳಗಿದ್ರೆ ಅವನು ಬರ್ತಾನೇ ಇರಲಿಲ್ಲ. ಟೀಕಿ ಹೆಗಲ ಮೇಲಿಟ್ಕೊಂಡು ಆಲದ ಮರದ ಕೆಳಗೆ ನಿಂತಿರೋನು. ಮಳೆ ಹೊಡೆದ್ರೂ ಅಲ್ಲೇ. ಆಯಮ್ಮ ಹೊರಟ್ಹೋದ್ಮೇಲೆ ಒಳಗೆ ಬರೋನು. ಇವನಿಗೂ ಆಯಮ್ಮಂಗೂ ಏನೋ ಹಳೇ ಜಗಳ ಅಂತ ನಾವು ಮಾತಾಡ್ಕೋತಿದ್ವಿ."

"ಜಗಳ ಅಲ್ಲ. ಅವರು ಅಕ್ಕ" ಎಂದೆ. ಅವನಿಗೆ ತಿಳಿಯಲಿಲ್ಲ. ಅವನ ಊರಿನಲ್ಲಿ ಅಕ್ಕ ಒಳಗಿದ್ದಾಳೆಂದು ತಮ್ಮ ಮಳೆಯಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ನಿಲ್ಲುತ್ತಾನೆ. ಅಕ್ಕ ಕೂತ ಕೋಣೆಗೆ ಕಾಲಿಡುವುದಿಲ್ಲ, ಅಕ್ಕನ ಮುಖ ನೋಡಿ ಮಾತಾಡುವುದಿಲ್ಲ, ಅಕ್ಕ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನುವುದಿಲ್ಲ. ಮನಾಸೆ ಟೀಕಿ ಹೊತ್ತು ಬಂದಿದ್ದರೆ ಆಲದ ಕೆಳಗೆ ನಿಲ್ಲುತ್ತಿರಲಿಲ್ಲ ಅತ್ತೆ. ಮಗ ಅಮ್ಮನಿರುವಲ್ಲಿಗೆ ನೇರ ನುಗ್ಗಿ ಹಸಿವು ಎನ್ನುತ್ತಾನೆ. ಅಷ್ಟು ಮಳೆ ನೆನೆದದ್ದು ನನ್ನ ಅಪ್ಪ.

ಆಮೇಲೆ ಅಪ್ಪನನ್ನು ವಹಿಯಾವಾಕ್ಕೆ ಕರೆದುಕೊಂಡು ಹೋದೆ. ಡಯಾಲಿಸಿಸ್ ಇಲ್ಲದ ದಿನ ನೋಡಿ, ನಕಸೋನೆಯಮ್ಮನೇ ತಮ್ಮ ಪಿಕಪ್ಪು ತಂದಿದ್ದರು. ಸಕ್ಕರೆ ಕಾಯಿಲೆ ಅಪ್ಪನ ಕಣ್ಣನ್ನು ಆ ಹೊತ್ತಿಗೆ ಪೂರಾ ನುಂಗಿತ್ತು, ನಿಮಗೆ ಗೊತ್ತು. ಅಥವಾ ಗೊತ್ತಿಲ್ಲವೋ ಏನೋ, ನೀವು ನೋಡಲು ಬಂದದ್ದು ಹೆಣವನ್ನು. ಎಲ್ಲಿಗೆ ಎಂದು ನಾನು ಹೇಳಿರಲಿಲ್ಲ. ಅಂಗಡಿಯೊಳಗೆ ಕೂರಿಸಿ ಅವರ ಕೈಯನ್ನು ಟೀಕಿಯ ಬೆನ್ನಿನ ಮೇಲಿಟ್ಟೆ.

ಕೈ ಮೇಲಿಂದ ಕೆಳಗೆ ಇಳಿಯಿತು. ಹೊಲಿಗೆಯ ಗುರುತಿನ ಹತ್ತಿರ ನಿಂತಿತು. "ಒಣಗಿಬಿಟ್ಟಿದೆಯಲ್ಲ" ಎಂದರು. "ಎಣ್ಣೆ ಇದ್ಯಾ?"

ನಕಸೋನೆಯಮ್ಮ ಒಳಗೆ ಓಡಿಹೋಗಿ ಬಟ್ಟಲಲ್ಲಿ ಎಣ್ಣೆ ತಂದರು. ಅಪ್ಪ ಮೂಸಿ ನೋಡಿ ನಕ್ಕರು. "ಇದು ಸೀಗಡಿ ಕರಿಯೋ ಎಣ್ಣೆ ಕಣಮ್ಮ. ಪರವಾಗಿಲ್ಲ, ಮನಾಸೆನೂ ಊಟದ ಪ್ರಿಯ." ತಮ್ಮ ಅಂಗಿಯ ತುದಿಯನ್ನೇ ಅದ್ದಿ ಉಜ್ಜತೊಡಗಿದರು. ಅಷ್ಟು ಹಗುರವಾಗಿ ಅವರು ನಕ್ಕದ್ದನ್ನು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ.

"ಅಪ್ಪಾ, ಇದನ್ನ ಮಾಡಿದ್ದು ಯಾರು?"

"ಮನಾಸೆ."

"ಮನಾಸೆ ತನ್ನ ಸಾವಿಗೆ ತಾನೇ ಚಾಪೆ ಸುತ್ಕೊಂಡ್ನಾ?"

ಅಂಗಿಯ ತುದಿಯನ್ನು ಮತ್ತೊಮ್ಮೆ ಎಣ್ಣೆಗೆ ಅದ್ದಿದರು. ಆಮೇಲೆ ಅದರ ಹೆಗಲ ಮೇಲೆ ಕೈಯೂರಿ ಹೇಳಿದರು. "ಅಕ್ಕ ಹೇಳಿಕಳಿಸಿದ್ರು. ನಿಮ್ಮಮ್ಮನ ಕೈಲಿ. ಹುಡುಗನ ಹೆಸರು ಇಷ್ಟು ಬೇಗ ನಿಂತುಹೋಗೋದು ಬೇಡ, ಒಂದಷ್ಟು ದಿನ ನೀನು ಮಾಡಿಕೊಡು ಅಂತ. ಪಾಪ, ಊಟ ಬಿಟ್ಟು ಬಿದ್ಕೊಂಡಿದ್ರು ಆಗ. ನಾನೂ ಆ ಹುಡುಗನ್ನ ಎತ್ತಿ ಆಡಿಸಿದೋನು. ಇದು ಮೊದಲನೇದು. ಸಾವಿನ ವರ್ಷ ಇನ್ನೂ ತುಂಬಿರಲಿಲ್ಲ, ಚಾಪೆ ಸುತ್ಕೊಂಡೇ ಕೂತು ಕೆತ್ತಿದೆ, ಮೈಮೇಲಿದ್ದದ್ದು ಮರಕ್ಕೂ ಬಂದ್ಬಿಡ್ತು."

"ಒಂದಷ್ಟು ದಿನ ಅಂದ್ರೆ ಎಷ್ಟು ದಿನ ಅಪ್ಪ? ಕಣ್ಣು ಹೋಗೋವರೆಗೂ ಮಾಡಿದ್ರಲ್ಲ."

"ಸಾಕು ಅಂತ ಅವರು ಹೇಳ್ಬೇಕಿತ್ತು. ಮರೆತ್ರು ಅನ್ಸುತ್ತೆ." ಆಮೇಲೆ, ತಪ್ಪು ತಮ್ಮದೇ ಎನ್ನುವಂತೆ ಹೇಳಿದರು, "ನಾನು ಕೇಳೋ ಹಾಗಿರಲಿಲ್ವಲ್ಲ ಮಗಳೇ."

ಅವರಿಗೆ ನಿಮ್ಮ ಮೇಲೆ ದೂರಿಲ್ಲ, ಸಿಟ್ಟಿಲ್ಲ. ಅವರ ಪಾಲಿನ ಸಿಟ್ಟೂ ನನಗೇ ಬಂದಿದೆ. ಅಂಗಡಿಯಿಂದ ಬಂದದ್ದೆಲ್ಲ ಯಾರ ಮನೆಗೆ ಹೋಯಿತು ಎಂಬ ಮಾತನ್ನು ನಾನು ಎತ್ತುವುದಿಲ್ಲ. ನನ್ನ ಹೊಸ ಸೈಕಲ್ಲು ವಿಕಾಳದ್ದಾದಾಗಲೂ, ಅಮ್ಮನ ಹೊಲಿಗೆ ಯಂತ್ರ ನಿಮ್ಮ ವರಾಂಡಕ್ಕೆ ಹೋದಾಗಲೂ ಯಾರೂ ಮಾತೆತ್ತಲಿಲ್ಲ. ತಮ್ಮನ ಮನೆಯಲ್ಲಿರುವುದೆಲ್ಲ ಅಕ್ಕ ಕೇಳಿದರೆ ಅಕ್ಕನದು, ಅವನ ಮಕ್ಕಳ ಮನೆಯದ್ದೂ ಅಷ್ಟೇ. ಇದು ನಮಗೆ ಹಾಲಿನ ಜೊತೆ ಬಂದ ಪಾಠ. ಆದರೆ ಹೆಸರನ್ನೂ ಹಾಗೆ ಕೇಳಿ ತೆಗೆದುಕೊಂಡು ಹೋಗಬಹುದೆಂದು ನನಗೆ ಗೊತ್ತಿರಲಿಲ್ಲ.

ಹೊನೊಲುಲುವಿನ ಪ್ರದರ್ಶನದ ಹುಡುಗ ಮರ್ಯಾದಸ್ಥ. ಎಲ್ಲ ಕೇಳಿಸಿಕೊಂಡು, ಅಡಿಯಲ್ಲಿ ಬೇರೆ ಹೆಸರು ಸುಟ್ಟಿರುವುದರಿಂದ ಕುಟುಂಬದ ಹಿರಿಯರೊಬ್ಬರು ಹೌದು ಎಂದರೆ ಸಾಕು, ಟೀಕಿಯ ಪಕ್ಕದ ಚೀಟಿಯಲ್ಲಿ ಅಪ್ಪನ ಹೆಸರನ್ನೇ ಬರೆಯುತ್ತೇವೆ ಎಂದ. ನಮ್ಮಲ್ಲಿ ಉಳಿದಿರುವ ಹಿರಿಯರು ನೀವೊಬ್ಬರೇ. ಅದಕ್ಕೇ ನಿಮ್ಮ ಮನೆಗೆ ಬಂದದ್ದು. ಕೆಸುವಿನ ಗಡ್ಡೆ, ಮಾಂಸದ ಡಬ್ಬಿಗಳನ್ನು ಬಾಗಿಲಲ್ಲಿಟ್ಟು, ಮೊಣಕಾಲೂರಿ ಒಳಗೆ ಬಂದೆ. ನೀವು ಟೀವಿಯ ಸದ್ದು ಕೂಡ ಕಡಿಮೆ ಮಾಡಲಿಲ್ಲ.

ನಾನು ಕೇಳಿದ್ದು ಒಂದೇ ಮಾತು, ಅಪ್ಪ ಬದುಕಿರುವಾಗ. ಅವರ ಕಿವಿ ಇನ್ನೂ ಚೆನ್ನಾಗಿತ್ತು. ಯಾರಾದರೂ ಆ ಚೀಟಿಯನ್ನು ಗಟ್ಟಿಯಾಗಿ ಓದಿದ್ದರೆ ಕೇಳಿಸಿಕೊಳ್ಳುತ್ತಿದ್ದರು.

"ನನ್ನ ಮಗ ಒಂದ್ಸಲ ಸತ್ತ. ಇನ್ನೊಂದ್ಸಲ ಹೂಳೋಕೆ ನೀನು ಬಂದಿದ್ಯಾ?" ಎಂದಿರಿ.

ನಿಮ್ಮ ಕಣ್ಣಲ್ಲಿ ನೀರು ಬಂದದ್ದು ನಾಟಕವಲ್ಲ ಎಂ‌ದು ನನಗೆ ಗೊತ್ತು. ಅವನಿದ್ದಿದ್ದರೆ ಇಷ್ಟು ಹೊತ್ತಿಗೆ ಮೊಮ್ಮಕ್ಕಳನ್ನು ಕಾಣುತ್ತಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಿಮ್ಮ ಕಾಲು ಹಿಡಿದು ಅತ್ತು ಎದ್ದು ಬರುತ್ತಿದ್ದೆ. ನೀವು ನಿಲ್ಲಿಸಲಿಲ್ಲ.

"ನಿಮ್ಮಪ್ಪ ಫಿಲಿಮೋನೆ ಬಂದು ಕೇಳಿದ್ನಾ? ಇಲ್ವಲ್ಲ. ಅವನಿಗೇ ಬೇಡದ್ದು ನಿಂಗ್ಯಾಕೆ? ಅವನು ಒಳ್ಳೆ ಮನುಷ್ಯ, ಉಜ್ಜೋಕೆ ಲಾಯಕ್ಕು. ಕೆತ್ತೋ ಕೈ ನನ್ನ ಮಗಂದು."

ನಿಮ್ಮ ಮುಂದೆ ಬಂದು ಕೇಳಲಾರದ ಹಾಗೆ ಬೆಳೆದವನನ್ನು, ಬಂದು ಕೇಳಿದನಾ ಎಂದಿರಿ. ಟೀವಿಯಲ್ಲಿ ಯಾರೋ ನಗುತ್ತಿದ್ದರು. ನಾನು ಹಿಂದೆ ಹಿಂದೆ ಸರಿಯುತ್ತ ಬಾಗಿಲು ದಾಟಿದೆ.

ಅಪ್ಪ ಡಯಾಲಿಸಿಸ್ ಕುರ್ಚಿಯಲ್ಲೇ ಹೋದರು. ಮುಂದಿನದನ್ನು ನೀವೇ ಕಂಡಿದ್ದೀರಿ. ನೀವು ಅಪ್ಪನ ತಲೆಯ ಹತ್ತಿರ, ಬಂದ ಚಾಪೆಗಳ ರಾಶಿಯ ಮೇಲೆ, ನಯವಾದ ಹಳದಿ ಚಾಪೆ ಸುತ್ತಿಕೊಂಡು ಕೂತಿದ್ದಿರಿ. ನನಗೂ ನನ್ನ ತಮ್ಮನಿಗೂ ಹೆಣದ ಹತ್ತಿರ ಜಾಗವಿಲ್ಲ, ನಾವು ಹಿಂದೆ ಒಲೆಗಳ ಬಳಿ. ನಾನು ಸುತ್ತಿಕೊಂಡದ್ದು ಅಪ್ಪನದೇ ಹಳೆಯ ಚಾಪೆ, ಮನಾಸೆಗಾಗಿ ಸುತ್ತಿದ್ದದ್ದು. ಅಟ್ಟದಲ್ಲಿತ್ತು. ತೂತು, ಹೊಲಿಗೆ ಎಲ್ಲ ಟೀಕಿಯ ಬೆನ್ನಿನಲ್ಲಿರುವ ಹಾಗೇ ಇತ್ತು. ಅದನ್ನು ಎದೆಯವರೆಗೆ ಬಿಗಿದುಕೊಂಡರೆ ಕೂರಲು ಬರುವುದಿಲ್ಲ, ಮೊಣಕಾಲು ಬಾಗಿಸಿ ನಿಂತೇ ಇರಬೇಕು. ಹಾಗೆ ನಿಂತಿದ್ದಾಗ ಒಳಗಿನಿಂದ ನಿಮ್ಮ ಪರವಾಗಿ ಮಾತಾಡುವವರ ದನಿ ಕೇಳಿಸಿತು: ಫಿಲಿಮೋನೆ ವಿನಯವಂತ, ಅಕ್ಕನ ಮಗ ಮನಾಸೆಯ ಕೈಕೆಳಗೆ ದುಡಿದವನು. ಹಂದಿ ಸುಡುವ ಹೊಗೆಗೆ ನನ್ನ ಕಣ್ಣು ಉರಿಯುತ್ತಿದೆ ಎಂದು ಎಲ್ಲರೂ ತಿಳಿದರು.

ನಕಸೋನೆಯಮ್ಮನೂ ಬಂದಿದ್ದರು, ಕಪ್ಪು ಬಟ್ಟೆ ತೊಟ್ಟು, ಸಾಲಿನಲ್ಲಿ ನಿಂತು. ಅವರಿಗೂ ಆ ಮಾತು ಕೇಳಿಸಿತು. ಮಾರನೇ ದಿನವೇ ಪ್ರದರ್ಶನದ ಹುಡುಗನಿಗೆ ಫೋನು ಮಾಡಿ, "ಮನಾಸೆ ಅಂತ ಹಾಕೋದಾದ್ರೆ ನನ್ನ ಟೀಕಿ ಬರಲ್ಲ" ಎಂದರಂತೆ. ಹಿರಿಯರ ಮಾತಿಲ್ಲದೆ ಬೇರೆ ಹೆಸರು ಹಾಕುವಂತಿಲ್ಲ ಎಂದನಂತೆ ಅವನು. ಹಾಗಾಗಿ ಟೀಕಿ ಅಂಗಡಿಯ ಬಾಗಿಲಲ್ಲೇ ಉಳಿಯಿತು. ಗೋಡೆಯಿಂದ ಈಚೆಗೆ ಎಳೆದು, ಜನ ಸುತ್ತ ಬರುವ ಹಾಗೆ ನಿಲ್ಲಿಸಿದ್ದಾರೆ. ಹಳೇ ಬೆಲೆಪಟ್ಟಿಯ ಬೆನ್ನಿನ ಮೇಲೆ ತಮ್ಮ ಸೊಟ್ಟ ಅಕ್ಷರದಲ್ಲಿ ಬರೆದು ಅದರ ಕೊರಳಿಗೆ ನೇತುಹಾಕಿದ್ದಾರೆ: ಇದನ್ನು ಕೆತ್ತಿದವರು ಕಹುಕುವಿನ ಫಿಲಿಮೋನೆ. ಹಿಂದೆ ಬಂದು ನೋಡಿ. ಅಪ್ಪನ ಹೆಸರಿರುವುದು ಅವರ ಗೋರಿಯ ಮೇಲೆ ಮತ್ತು ಆ ಸೈಮಿನ್ ಅಂಗಡಿಯಲ್ಲಿ. ಎರಡನ್ನೂ ಅವರು ಕೇಳಿಸಿಕೊಳ್ಳಲಿಲ್ಲ.

ಇನ್ನೊಂದು ವಿಷಯ ಬರೆದು ಮುಗಿಸುತ್ತೇನೆ. ಮೊನ್ನೆ ತಮ್ಮನ ಹೆಂಡತಿ ಒಂದು ಹೊಸ ಚಾಪೆ ತಂದು ನನ್ನ ಮುಂದಿಟ್ಟಳು. ಎಷ್ಟೋ ತಿಂಗಳು ಕೂತು ಹೆಣೆದದ್ದು, ಬೆರಳ ತುದಿಗಳು ಸೀಳಿಹೋಗಿದ್ದವು. ಇದೇನೆಂದರೆ, "ನೀವೇ ಕೇಳಿದ್ರಲ್ಲ ಅತ್ತಿಗೆ" ಎಂದಳು. ನಾನು ಯಾವಾಗ ಕೇಳಿದ್ದೆನೋ ನನಗೆ ನೆನಪಿಲ್ಲ. ಅವಳ ಮಕ್ಕಳಿಗೆ ನಾನೂ ಸೋದರತ್ತೆಯೇ. ಗಾಬರಿಯಾಗಿ "ಸಾಕು, ಇನ್ನು ಸಾಕು" ಎಂದೆ. ಏನೋ ತಪ್ಪು ನಡೆಯಿತೆಂದು ಅವಳು ಅಳುವುದಕ್ಕೇ ಶುರುಮಾಡಿದಳು. ಆ ಮಾತನ್ನು ನಮ್ಮ ಮನೆಗಳಲ್ಲಿ ಯಾರೂ ಕೇಳಿಯೇ ಇಲ್ಲ.

ನಿಮ್ಮಿಂದ ನನಗೆ ಬೇಕಾಗಿದ್ದದ್ದೂ ಅದೊಂದೇ ಮಾತಾಗಿತ್ತು. ಈಗ ಬೇಡ. ಕೂದಲು ಬೆಳೆಯುತ್ತದೆ, ಕರೆದಾಗ ಬರುತ್ತೇನೆ, ಕೇಳಿದ್ದು ನನ್ನಲ್ಲಿದ್ದರೆ ಕೊಡುತ್ತೇನೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮುಂದೆ ಇನ್ನೂ ನೆಲದ ಮೇಲೆಯೇ ಕೂರುವ,
ಟೀಕಿ ಕೆತ್ತುತ್ತಿದ್ದ ಫಿಲಿಮೋನೆಯ ಮಗಳು,
ಲೆಸಿಯೆಲಿ

ಮರೆತಿದ್ದೆ: ಅಪ್ಪನನ್ನು ಮಣ್ಣು ಮಾಡಿದ ವಾರ ನಕಸೋನೆಯಮ್ಮ ಪಿಕಪ್ಪಿನಲ್ಲಿ ಟೀಕಿಯನ್ನು ಕಂಬಳಿ ಸುತ್ತಿ ಮಲಗಿಸಿಕೊಂಡು ನಮ್ಮ ಮನೆಗೇ ಬಂದಿದ್ದರು. "ನಿಮ್ಮಪ್ಪಂದು, ನಿನ್ನ ಹತ್ರಾನೇ ಇರ್ಬೇಕು. ಇಳಿಸ್ಕೋ" ಎಂದರು. ನನ್ನ ಕೈ ಆಗಲೇ ಕಂಬಳಿಯ ಮೇಲಿತ್ತು. ಅತ್ತೆ, ಈ ಜಗತ್ತಿನಲ್ಲಿ ನನಗೆ ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಇನ್ನೊಂದಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ. ಅವರಿಗೆ ಬೇಸರವಾಯಿತು, ಯಾಕಮ್ಮ ಬೇಡವಾ ಎಂದರು. ನಿಮಗೆ ಸೋದರತ್ತೆ ಇದ್ದಾರಾ ಎಂದು ಕೇಳಿದೆ. "ಇದ್ರು, ನನ್ನ ಮದುವೆಗೆ ಮುಂಚೇನೇ ತೀರ್ಕೊಂಡ್ರು. ಯಾಕೆ?" ಎಂದರು. ಹಾಗಾದರೆ ಇದು ನಿಮ್ಮ ಹತ್ತಿರವೇ ಇರಲಿ ಎಂದು ಗಾಡಿ ತಿರುಗಿಸಿ ಕಳಿಸಿಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ. ನಿಮಗೆ ಆಗುತ್ತದೆ.